ಏರಿಳಿತದ ಹಾದಿಯಲ್ಲಿ ಗುಂಪಿನೊಡನೆ ವಾರಾಂತ್ಯದ ಲಾಂಗ್ ರನ್: ಸಮಗ್ರ ಮಾರ್ಗದರ್ಶಿ

ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರನ್ನು ಆರಾಮವಾಗಿ ಮುಗಿಸುವ ಎಷ್ಟೋ ಓಟಗಾರರು ಅದೇ ದೂರವನ್ನು ಏರುತಗ್ಗಿನ ಹಾದಿಯಲ್ಲಿ ಗುಂಪಿನೊಡನೆ ಓಡಹೊರಟಾಗ ಹದಿನೈದನೆಯ ಕಿಲೋಮೀಟರಿನ ಹೊತ್ತಿಗೆ ನಡೆಯತೊಡಗುತ್ತಾರೆ, ಮರುದಿನ ಮೆಟ್ಟಿಲು ಇಳಿಯಲಾಗದೆ ಒದ್ದಾಡುತ್ತಾರೆ, ಮತ್ತು ಬೆಟ್ಟದ ಓಟ ತಮಗೆ ಆಗಿಬರುವುದಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ತಾಕತ್ತಿನ ಕೊರತೆಯೇನೂ ಇರುವುದಿಲ್ಲ. ಸಮತಟ್ಟಿನ ವೇಗವನ್ನೇ ಏರಿನಲ್ಲೂ ಉಳಿಸಿಕೊಳ್ಳಲು ಹೋಗಿ, ಮುಂದಿನವರ ಬೆನ್ನು ಕಣ್ಮರೆಯಾಗಬಾರದೆಂದು ಅಟ್ಟಿಕೊಂಡು ಓಡಿ, ಮೊದಲ ಎರಡು ಏರುಗಳಲ್ಲಿಯೇ ಅವರು ಇಡೀ ದಿನದ ಬಲವನ್ನು ವ್ಯಯಿಸಿರುತ್ತಾರೆ.

ಈ ಬರಹವು ವಾರಕ್ಕೆ ಮೂರು ನಾಲ್ಕು ದಿನ ನಿಯಮಿತವಾಗಿ ಓಡುವವರಿಗಾಗಿ, ಮತ್ತು ಕಳೆದ ಒಂದು ತಿಂಗಳಲ್ಲಿ ಕನಿಷ್ಠ 16ರಿಂದ 18 ಕಿಲೋಮೀಟರಿನ ಒಂದು ಓಟವನ್ನಾದರೂ ತೊಂದರೆಯಿಲ್ಲದೆ ಮುಗಿಸಿರುವವರಿಗಾಗಿ. ಅಷ್ಟು ಅಡಿಪಾಯ ಇಲ್ಲದವರು ಮೊದಲು ಸಮತಟ್ಟಿನಲ್ಲಿ ದೂರವನ್ನು ಕಟ್ಟಿಕೊಳ್ಳಬೇಕು. ದೂರ ಮತ್ತು ಏರು ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸಬಾರದು.

ಬೇಕಾಗುವ ಸಾಮಗ್ರಿ

ಈಗಾಗಲೇ ಕಾಲಿಗೆ ಒಗ್ಗಿರುವ ಶೂ ಮೊದಲನೆಯದು. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲೇಬೇಕು, ಏಕೆಂದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳ ತುದಿಗಳು ಶೂವಿನ ಗೋಡೆಗೆ ಬಡಿಯುತ್ತವೆ. ಉಗುರು ಕಪ್ಪಾಗುವುದು ಇದರಿಂದಲೇ. ಉಗುರುಗಳನ್ನು ಎರಡು ದಿನ ಮೊದಲೇ ಕತ್ತರಿಸಿಕೊಳ್ಳಿ. ಶೂವಿನ ಮೇಲ್ಭಾಗದಲ್ಲಿ, ಹರಡಿನ ಪಕ್ಕದಲ್ಲಿ, ಹೆಚ್ಚಿನವರು ಬಳಸದೆ ಬಿಟ್ಟಿರುವ ಒಂದು ಜೊತೆ ತೂತುಗಳಿರುತ್ತವೆ. ಲೇಸನ್ನು ಅದೇ ಬದಿಯ ಆ ತೂತಿನೊಳಗೆ ತೂರಿಸಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ಹಾಯಿಸಿ ಬಿಗಿದರೆ ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ ಮತ್ತು ಪಾದ ಮುಂದಕ್ಕೆ ಜಾರುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಈ ಕಟ್ಟನ್ನು ಓಟದ ದಿನ ಮೊದಲ ಬಾರಿಗೆ ಕಟ್ಟಬೇಡಿ; ಅತಿ ಬಿಗಿಯಾದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಹಾಗಾಗಿ ವಾರದ ನಡುವಿನ ಚಿಕ್ಕ ಓಟವೊಂದರಲ್ಲಿ ಹದ ನೋಡಿಕೊಳ್ಳಿ.

ಉಳಿದಂತೆ ಬೇಕಾಗುವುದು ಇಷ್ಟು: ಕನಿಷ್ಠ ಅರ್ಧ ಲೀಟರ್ ನೀರು ಹಿಡಿಯುವ ಸೊಂಟದ ಪಟ್ಟಿ ಅಥವಾ ಬೆನ್ನಿನ ಚೀಲ, ಎನರ್ಜಿ ಜೆಲ್ (ಓಡುತ್ತಲೇ ನುಂಗಬಹುದಾದ ಸಕ್ಕರೆ ಪಾಕದ ಪೊಟ್ಟಣ) ಅಥವಾ ಅಭ್ಯಾಸವಾಗಿರುವ ಬೇರೆ ತಿನಿಸು, ಚಾರ್ಜ್ ಆಗಿರುವ ಮೊಬೈಲು, ಸ್ವಲ್ಪ ಹಣ, ಗುರುತಿನ ಚೀಟಿ, ಉಜ್ಜುವ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ. ನಸುಕಿನಲ್ಲಿ ಹೊರಡುವುದಾದರೆ ಹೆಡ್‌ಲ್ಯಾಂಪ್ ಮತ್ತು ಬೆಳಕು ಪ್ರತಿಫಲಿಸುವ ಮೇಲಂಗಿ ಕಡ್ಡಾಯ. ಜಿಪಿಎಸ್ ವಾಚು ಇದ್ದರೆ ಅನುಕೂಲ, ಇಲ್ಲದಿದ್ದರೆ ಸಾಮಾನ್ಯ ಕೈಗಡಿಯಾರವೂ ಸಾಕು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗುಂಪಿನಲ್ಲಿ ಓಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಿಂದಿನಿಂದ ಕೂಗುವವರ ಎಚ್ಚರಿಕೆ ಕೇಳಿಸದಿದ್ದರೆ ಗುಂಪಿನಲ್ಲಿದ್ದೂ ಒಬ್ಬರೇ ಇದ್ದಂತಾಗುತ್ತದೆ.

ಹಂತ 1: ಹಾದಿಯ ಏರನ್ನು ಮೊದಲೇ ಲೆಕ್ಕ ಹಾಕುವುದು

ಹಾದಿಯನ್ನು ಆರಿಸುವಾಗ ಎಷ್ಟು ಕಿಲೋಮೀಟರ್ ಎಂದು ಕೇಳಿ ಸುಮ್ಮನಾಗಬಾರದು. ಒಟ್ಟು ಎಷ್ಟು ಮೀಟರ್ ಹತ್ತಬೇಕು, ಅತಿ ಉದ್ದದ ಏರು ಎಲ್ಲಿದೆ, ಅತಿ ಕಡಿದಾದ ಏರು ಎಲ್ಲಿದೆ ಎಂಬ ಮೂರು ಸಂಗತಿಗಳು ಪ್ರತಿಯೊಬ್ಬರಿಗೂ ಹೊರಡುವ ಮುನ್ನವೇ ತಿಳಿದಿರಬೇಕು. ನಕ್ಷೆಯ ಆ್ಯಪ್‌ಗಳು ಹಾದಿಯ ಏರಿಳಿತದ ರೇಖೆಯನ್ನು ತೋರಿಸುತ್ತವೆ. ಏರಿದ ಎತ್ತರವನ್ನು ಆ ಏರಿನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಏರಿನ ಶೇಕಡಾವಾರು ಸಿಗುತ್ತದೆ: 2 ಕಿಲೋಮೀಟರಿನಲ್ಲಿ 100 ಮೀಟರ್ ಹತ್ತಿದರೆ ಅದು ಶೇ. 5ರ ಏರು.

ಬೇಕಾಗುವ ಸಮಯವನ್ನು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ನಡಿಗೆಗಾರರಿಗಾಗಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತವಾಗಿದೆ. ಮೂರು ಮೈಲಿಗೆ ಒಂದು ಗಂಟೆ, ಮತ್ತು ಹತ್ತುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ ಎಂಬುದು ಆತನ ಲೆಕ್ಕ. ಇದನ್ನು ಓಟಗಾರರ ಬಳಕೆಗೆ ಇಳಿಸಿದರೆ ಹತ್ತುವ 1 ಮೀಟರ್ ಸಮತಟ್ಟಿನ ಸುಮಾರು 8 ಮೀಟರಿಗೆ ಸಮ. ಒಂದು ಉದಾಹರಣೆ ನೋಡೋಣ. ಹಾದಿ 24 ಕಿಲೋಮೀಟರ್, ಒಟ್ಟು ಏರು 480 ಮೀಟರ್ ಎಂದಾದರೆ ಏರಿನ ಬಾಬ್ತು ಸುಮಾರು 3.8 ಕಿಲೋಮೀಟರ್ ಸೇರಿ ಅದು ಸಮತಟ್ಟಿನ 28 ಕಿಲೋಮೀಟರಿನ ಹತ್ತಿರ ಬರುತ್ತದೆ. ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಸಮತಟ್ಟಿನಲ್ಲಿ ಓಡುವವರಿಗೆ 24 ಕಿಲೋಮೀಟರಿಗೆ 2 ಗಂಟೆ 36 ನಿಮಿಷ ಸಾಕಾದರೆ ಇಲ್ಲಿ 3 ಗಂಟೆ ಬೇಕು. ನೀರು, ಆಹಾರ, ಬಿಸಿಲು, ಮನೆಗೆ ಮರಳುವ ಹೊತ್ತು ಎಲ್ಲವನ್ನೂ ಆ ಮೂರು ಗಂಟೆಗೆ ಹೊಂದಿಸಬೇಕು.

ಈ ಅಂದಾಜು ಮೂರು ಗಂಟೆಯನ್ನು ಬಹಳ ಮೀರುವುದಾದರೆ ದೂರವನ್ನು ಕಡಿಮೆ ಮಾಡಿ. ಕಳೆದ ಒಂದು ತಿಂಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕೂ ಹೆಚ್ಚು ದೂರವನ್ನು ಒಮ್ಮೆಲೇ ಏರಿಸದಿರುವುದು ಸುರಕ್ಷಿತ. ಮೊದಲ ಸಲ ಬೆಟ್ಟದ ಹಾದಿಗೆ ಬರುವವರು ತಮ್ಮ ಮಾಮೂಲಿ ದೂರಕ್ಕಿಂತ ನಾಲ್ಕೈದು ಕಿಲೋಮೀಟರ್ ಕಡಿಮೆಯದನ್ನೇ ಆರಿಸಿಕೊಳ್ಳಲಿ.

ದೊಡ್ಡ ಏರು ಓಟದ ಮೊದಲರ್ಧದಲ್ಲಿ ಬರುವಂತೆ, ಆದರೆ ಮೊದಲ ಎರಡು ಕಿಲೋಮೀಟರಿನೊಳಗೆ ಬಾರದಂತೆ ಹಾದಿಯನ್ನು ಹೊಂದಿಸಿ. ಚಿಕ್ಕ ಸುತ್ತನ್ನು ಎರಡು ಬಾರಿ ಓಡುವ ಹಾದಿ ಮಿಶ್ರ ವೇಗದ ಗುಂಪಿಗೆ ಬಹಳ ಅನುಕೂಲ, ಏಕೆಂದರೆ ದಣಿದವರು ಒಂದು ಸುತ್ತಿಗೆ ನಿಲ್ಲಿಸಬಹುದು ಮತ್ತು ನೀರನ್ನು ಒಂದೇ ಕಡೆ ಇಡಬಹುದು.

ಹಂತ 2: ಗುಂಪನ್ನು ವಿಂಗಡಿಸಿ ಹೊಣೆ ಹಂಚುವುದು

ಎಲ್ಲರೂ ಒಟ್ಟಿಗೆ ಓಡೋಣ ಎಂಬ ಮಾತು ಕೇಳಲು ಹಿತವಾಗಿದ್ದರೂ ಏರಿನ ಹಾದಿಯಲ್ಲಿ ಅದು ನಡೆಯುವುದಿಲ್ಲ. ಸಮತಟ್ಟಿನಲ್ಲಿ ಕಿಲೋಮೀಟರಿಗೆ ಅರ್ಧ ನಿಮಿಷದ ಅಂತರವಿರುವ ಇಬ್ಬರ ನಡುವೆ ಉದ್ದದ ಏರಿನಲ್ಲಿ ಆ ಅಂತರ ಮತ್ತೂ ಹಿಗ್ಗುತ್ತದೆ. ಆದ್ದರಿಂದ ನಿರಾಯಾಸದ ವೇಗದ ಆಧಾರದ ಮೇಲೆ ಎರಡು ಅಥವಾ ಮೂರು ಉಪಗುಂಪುಗಳನ್ನು ಹಿಂದಿನ ದಿನವೇ ಮಾಡಿಕೊಳ್ಳಿ. ಯಾವ ಉಪಗುಂಪಿಗೆ ಸೇರಬೇಕೆಂಬ ಅನುಮಾನವಿದ್ದವರು ನಿಧಾನದ್ದಕ್ಕೆ ಸೇರಬೇಕು.

ಪ್ರತಿ ಉಪಗುಂಪಿಗೂ ಮುಂದೆ ಓಡುವವರೊಬ್ಬರು, ಕೊನೆಯಲ್ಲಿ ಓಡುವವರೊಬ್ಬರು ಬೇಕು. ಮುಂದಿನವರ ಕೆಲಸ ವೇಗವನ್ನು ತಡೆದು ಹಿಡಿಯುವುದು. ಹಿಂದಿನವರನ್ನು ಸ್ವೀಪರ್ ಎನ್ನುತ್ತಾರೆ. ಅವರ ಹಿಂದೆ ಯಾರೂ ಉಳಿಯಕೂಡದು ಎಂಬ ಒಂದೇ ನಿಯಮವನ್ನು ಅವರು ಪಾಲಿಸಿದರೆ ಸಾಕು. ಈ ಹೊಣೆಯನ್ನು ಗುಂಪಿನ ಅತ್ಯಂತ ನಿಧಾನ ಓಟಗಾರರಿಗೆ ವಹಿಸುವುದು ಸಾಮಾನ್ಯ ತಪ್ಪು. ಸ್ವೀಪರ್ ಆದವರಿಗೆ ಇನ್ನೊಬ್ಬರನ್ನು ನೋಡಿಕೊಳ್ಳುವಷ್ಟು ಬಲ ಉಳಿದಿರಬೇಕಾದ್ದರಿಂದ ಆ ದಿನ ಹಗುರವಾಗಿ ಓಡಲು ಒಪ್ಪಿದ ಅನುಭವಿಗಳೇ ಅದಕ್ಕೆ ತಕ್ಕವರು.

ಹೊರಡುವ ಮುನ್ನ ತಲೆ ಎಣಿಸಿ. ಹಾದಿಯ ನಕ್ಷೆ ಎಲ್ಲರ ಮೊಬೈಲಿನಲ್ಲೂ ಇರಲಿ. ಗುಂಪು ಮತ್ತೆ ಕೂಡುವ ತಾಣಗಳನ್ನು ಹೆಸರಿಸಿ ಹೇಳಿ: ಪ್ರತಿ ದೊಡ್ಡ ಏರಿನ ನೆತ್ತಿ, ಮತ್ತು ಹಾದಿ ಕವಲೊಡೆಯುವ ಪ್ರತಿ ಜಾಗ. ಅರ್ಧಕ್ಕೆ ನಿಲ್ಲಿಸಿ ಮರಳುವವರು ಸ್ವೀಪರ್‌ಗೆ ಹೇಳದೆ ಹೋಗಬಾರದು ಎಂಬುದನ್ನು ಪ್ರತಿಸಲವೂ ಬಾಯಿಬಿಟ್ಟು ಹೇಳಬೇಕು. ಆಸ್ತಮಾ, ಮಧುಮೇಹ, ಹೃದಯದ ತೊಂದರೆ ಇರುವವರು ಜೊತೆಯಲ್ಲಿ ಓಡುವ ಒಬ್ಬರಿಗಾದರೂ ಅದನ್ನು ತಿಳಿಸಿರಬೇಕು ಮತ್ತು ತಮ್ಮ ಔಷಧಿ ಎಲ್ಲಿದೆಯೆಂದು ತೋರಿಸಿರಬೇಕು.

ಹಂತ 3: ಹಿಂದಿನ ಎರಡು ದಿನಗಳ ಸಿದ್ಧತೆ

ಹಿಂದಿನ ದಿನ ವಿಶ್ರಾಂತಿ ಅಥವಾ ಅರ್ಧ ಗಂಟೆಯ ಹಗುರ ಓಟ, ಅಷ್ಟೇ. ವೇಗದ ಅಭ್ಯಾಸ ಮತ್ತು ಕಾಲಿನ ಭಾರದ ವ್ಯಾಯಾಮಗಳು ಅದಕ್ಕೂ ಎರಡು ದಿನ ಮೊದಲೇ ಮುಗಿದಿರಬೇಕು.

ಸಾಮಾನುಗಳನ್ನು ರಾತ್ರಿಯೇ ಒಂದು ಕಡೆ ಜೋಡಿಸಿಡಿ. ಹೊಸ ಕಾಲುಚೀಲ, ಹೊಸ ಶೂ, ಹೊಸ ಬಗೆಯ ಜೆಲ್ ಯಾವುದನ್ನೂ ಈ ಓಟಕ್ಕೆಂದು ತೆಗೆದಿಡಬೇಡಿ. ನೋವು ಬರಬಹುದೆಂದು ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಓಟಕ್ಕೆ ಮೊದಲೇ ನುಂಗುವ ಅಭ್ಯಾಸ ಅಪಾಯಕಾರಿ. ದೀರ್ಘ ಓಟದಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಈ ಗುಂಪಿನ ಮಾತ್ರೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ, ಜೊತೆಗೆ ದೇಹ ಕೊಡುವ ನೋವಿನ ಸೂಚನೆಯನ್ನು ಮರೆಮಾಚುತ್ತವೆ.

ಹಂತ 4: ಆಹಾರ ಮತ್ತು ನೀರಿನ ಲೆಕ್ಕ

ದೇಹವು ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶರ್ಕರ ಸುಮಾರು ಒಂದೂವರೆಯಿಂದ ಎರಡು ಗಂಟೆಯ ಓಟಕ್ಕೆ ಸಾಲುತ್ತದೆ. ಏರಿನಲ್ಲಿ ಶ್ರಮ ಹೆಚ್ಚಾದಷ್ಟೂ ಅದು ಬೇಗ ಕರಗುತ್ತದೆ. ಹಸಿವಾದ ಮೇಲೆ ತಿನ್ನೋಣವೆಂದು ಕಾಯುವವರು ಸೋಲುವುದು ಇಲ್ಲೇ.

ಹೊರಡುವುದಕ್ಕೆ ಎರಡು ಗಂಟೆ ಮೊದಲು ಸುಲಭವಾಗಿ ಜೀರ್ಣವಾಗುವ ಪಿಷ್ಟದ ಆಹಾರವನ್ನು ತೆಗೆದುಕೊಳ್ಳಿ. ಅಷ್ಟು ಬೇಗ ಏಳಲಾಗದವರು ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣನ್ನಾದರೂ ತಿನ್ನಲಿ. ಓಟ ಆರಂಭವಾದ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೂ ಸುಮಾರು ಅಷ್ಟೇ. ಮೊದಲ ತುತ್ತು 40ನೆಯ ನಿಮಿಷದಲ್ಲಿ, ಆಮೇಲೆ ಪ್ರತಿ ಅರ್ಧ ಗಂಟೆಗೊಮ್ಮೆ ಎಂದು ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ತಿನ್ನಲು ತಕ್ಕ ಜಾಗ ನೆತ್ತಿ ದಾಟಿದ ಮೇಲಿನ ಸಮತಟ್ಟು. ಏರಿನ ನಡುವೆ ತಿಂದರೆ ಉಸಿರು ಮತ್ತು ನುಂಗುವುದು ಒಂದಕ್ಕೊಂದು ಅಡ್ಡ ಬರುತ್ತವೆ, ಇಳಿಜಾರಿನಲ್ಲಿ ಹೊಟ್ಟೆ ಕುಲುಕುತ್ತದೆ.

ನೀರು ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿಲಿಲೀಟರ್ ಸಾಕು. ತೂಕ ಕಡಿಮೆ ಇರುವವರು, ನಿಧಾನವಾಗಿ ಓಡುವವರು ಕೆಳಗಿನ ಅಂಕಿಯ ಹತ್ತಿರ ಇರಲಿ. ಹೆಚ್ಚು ಬೆವರುವವರು, ಬಿಸಿಲಿನಲ್ಲಿ ಓಡುವವರು ಮೇಲಿನದರ ಹತ್ತಿರ. ನೀರು ಎಷ್ಟು ಕುಡಿದರೂ ಕೆಡುಕಿಲ್ಲ ಎಂಬ ನಂಬಿಕೆ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು, ಮತ್ತು ಓಟದ ನಡುವೆ ತೂಕ ಏರಿದವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಆ ಕುಸಿತ ಹೆಚ್ಚಾಗಿ ಕಂಡಿತು. ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ, ಎರಡು ಗಂಟೆ ಮೀರುವ ಓಟದಲ್ಲಿ ನೀರಿನ ಜೊತೆ ಲವಣವೂ ಸೇರಲಿ.

ಹಂತ 5: ಮೊದಲ ಮೂರು ಕಿಲೋಮೀಟರ್

ಮೊದಲ ಹತ್ತು ನಿಮಿಷ ಬೇಕೆಂದೇ ನಿಧಾನವಾಗಿ ಓಡಿ. ಮಾಮೂಲಿ ವೇಗಕ್ಕಿಂತ ಕಿಲೋಮೀಟರಿಗೆ ಅರ್ಧದಿಂದ ಒಂದು ನಿಮಿಷ ಹಿಂದೆ ಇದ್ದರೆ ಸರಿ. ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿದೆಯೇ ಎಂದು ಪಕ್ಕದವರೊಡನೆ ಮಾತಾಡಿಯೇ ನೋಡಿ. ಗುಂಪಿನಲ್ಲಿ ಓಡುವುದರ ದೊಡ್ಡ ಅನುಕೂಲ ಇದು. ಯಾರಾದರೂ ಒಂದೆರಡು ಪದಗಳಲ್ಲಿ ಉತ್ತರಿಸತೊಡಗಿದರೆ ಅವರ ಮಟ್ಟಿಗೆ ಗುಂಪಿನ ವೇಗ ಹೆಚ್ಚಾಗಿದೆ ಎಂದರ್ಥ, ಮತ್ತು ಅದನ್ನು ಅವರು ತಾವಾಗಿ ಹೇಳುವುದು ಅಪರೂಪ.

ಕಾಲುದಾರಿ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳು ಕಾಣುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ಓಡಿ. ಬೆಟ್ಟದ ರಸ್ತೆಯಲ್ಲಿ ನೀವು ಓಡುವ ಬದಿಯೇ ತಿರುವಿನ ಒಳಮೈಯಾದಾಗ ಎದುರಿನ ಚಾಲಕರಿಗೆ ಗುಂಪು ಕಾಣುವುದೇ ಇಲ್ಲ. ಅಂಥ ಕಡೆ ತಿರುವಿಗೆ ಸಾಕಷ್ಟು ಮೊದಲೇ ನಿಂತು ನೋಡಿ, ಎಲ್ಲರೂ ಒಟ್ಟಿಗೆ ಹೊರಮೈಗೆ ದಾಟಿ, ತಿರುವು ಮುಗಿದ ಮೇಲೆ ಮರಳಬೇಕು.

ಹಂತ 6: ಏರನ್ನು ಓಡುವ ಕ್ರಮ

ಏರಿನಲ್ಲಿ ಸಮವಾಗಿ ಇರಬೇಕಾದದ್ದು ಶ್ರಮ, ವೇಗ ತಾನಾಗಿ ಇಳಿಯಬೇಕು. ಸಮತಟ್ಟಿಗೆ ಹೋಲಿಸಿದರೆ ಶೇ. 5ರ ಏರಿನಲ್ಲಿ ಪ್ರತಿ ಮೀಟರಿಗೆ ಸುಮಾರು ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ, ಶೇ. 10ರ ಏರಿನಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ಕಿಲೋಮೀಟರಿಗೆ ಆರೂವರೆ ನಿಮಿಷ ತೆಗೆದುಕೊಳ್ಳುವವರು ಅದೇ ಶ್ರಮದಲ್ಲಿ ಶೇ. 5ರ ಏರನ್ನು ಹತ್ತುವಾಗ ಎಂಟೂವರೆ ನಿಮಿಷಕ್ಕೂ, ಶೇ. 10ರ ಏರಿನಲ್ಲಿ ಹತ್ತೂಮುಕ್ಕಾಲು ನಿಮಿಷದ ಆಸುಪಾಸಿಗೂ ಇಳಿಯುವುದು ಸಹಜ. ಈ ಅಂಕಿಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡವರು ವಾಚಿನ ಪರದೆಯನ್ನು ನೋಡಿ ಗಾಬರಿಯಾಗುವುದಿಲ್ಲ. ಏರು ಶುರುವಾದೊಡನೆ ವೇಗ ತೋರಿಸುವ ಪರದೆಯನ್ನು ಬದಲಿಸಿ ಬರೀ ಸಮಯ ಕಾಣುವಂತೆ ಮಾಡಿಕೊಳ್ಳುವುದು ಇನ್ನೂ ಮೇಲು. ಮರಗಳ ನಡುವೆ, ಬೆಟ್ಟದ ಮಗ್ಗುಲಲ್ಲಿ ಜಿಪಿಎಸ್ ಕ್ಷಣಕ್ಷಣಕ್ಕೆ ತೋರಿಸುವ ವೇಗವನ್ನು ನಂಬಲೂ ಆಗದು.

ಹೃದಯ ಬಡಿತದ ಅಂಕಿಯನ್ನೇ ನೆಚ್ಚುವವರು ಒಂದು ವಿಷಯ ಗಮನಿಸಬೇಕು. ಏರು ಶುರುವಾದ ಒಂದೆರಡು ನಿಮಿಷದವರೆಗೂ ಬಡಿತ ಶ್ರಮಕ್ಕಿಂತ ಹಿಂದೆ ಇರುತ್ತದೆ. ಅಂಕಿ ಕಡಿಮೆ ಇದೆಯೆಂದು ಬಲ ಹಾಕಿದರೆ ಅದು ಏರಿದ ಮೇಲೆ ತಗ್ಗಿಸಲು ಕಷ್ಟ. ಉಸಿರು ಅದಕ್ಕಿಂತ ನಂಬಿಗಸ್ತ ಅಳತೆ. ಸಮತಟ್ಟಿನಲ್ಲಿ ಪೂರ್ಣ ವಾಕ್ಯ ಆಡುತ್ತಿದ್ದವರು ಏರಿನಲ್ಲಿ ನಾಲ್ಕೈದು ಪದಗಳ ಚಿಕ್ಕ ವಾಕ್ಯ ಆಡುವಂತಿದ್ದರೆ ಸರಿಯಾದ ಮಟ್ಟದಲ್ಲಿದ್ದಾರೆ. ಒಂದೇ ಪದಕ್ಕೆ ಇಳಿದಿದ್ದರೆ ಅಲ್ಲಿಯೇ ವೇಗ ಕಡಿಮೆ ಮಾಡಬೇಕು.

ಮೈಯ ಭಂಗಿಯಲ್ಲಿ ಹೆಜ್ಜೆಯನ್ನು ಕಿರಿದು ಮಾಡುವುದೇ ಮುಖ್ಯ. ಹೆಜ್ಜೆಗಳ ಲಯ ಸಮತಟ್ಟಿನಲ್ಲಿ ಇದ್ದಂತೆಯೇ ಇರಲಿ, ಪ್ರತಿ ಹೆಜ್ಜೆಯ ಉದ್ದ ಮಾತ್ರ ತಗ್ಗಲಿ. ಮುಂದಕ್ಕೆ ಬಾಗುವುದಾದರೆ ಹರಡಿನಿಂದ ಇಡೀ ಮೈ ತುಸು ಬಾಗಬೇಕು. ಸೊಂಟದಲ್ಲಿ ಮಡಿಚಿಕೊಂಡರೆ ಎದೆ ಕುಗ್ಗಿ ಉಸಿರು ಕಟ್ಟುತ್ತದೆ. ನೋಟ ಐದಾರು ಮೀಟರ್ ಮುಂದಿರಲಿ. ಕೈಗಳು ಹಿಂದಕ್ಕೆ ಬೀಸಿದಷ್ಟೂ ಕಾಲು ಮುಂದಕ್ಕೆ ಬರುತ್ತದೆ. ಉದ್ದದ ಏರನ್ನು ಪೂರ್ತಿ ಮುಂಗಾಲಿನ ಮೇಲೇ ಓಡಿದರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜು ಬೇಗ ಬಿಗಿಯುತ್ತವೆ, ಆದ್ದರಿಂದ ಅಲ್ಲಲ್ಲಿ ಹಿಮ್ಮಡಿಯೂ ನೆಲ ಮುಟ್ಟುವಂತೆ ಬಿಡಿ.

ಬಹಳ ಕಡಿದಾದ ಕಡೆ ನಡೆಯಿರಿ. ಓಟದ ವೇಗವೂ ನಡಿಗೆಯ ವೇಗವೂ ಹೆಚ್ಚುಕಡಿಮೆ ಒಂದೇ ಆಗುವಷ್ಟು ಕಡಿದಾದ ಏರಿನಲ್ಲಿ ಓಡುವುದರಿಂದ ಸಿಗುವುದು ದಣಿವು ಮಾತ್ರ. ದೂರದ ಪರ್ವತ ಓಟಗಳ ನುರಿತ ಸ್ಪರ್ಧಿಗಳೂ ಅಂಥ ಕಡೆ ಕೈಗಳನ್ನು ತೊಡೆಯ ಮೇಲೆ ಒತ್ತಿ ನಡೆಯುತ್ತಾರೆ. ಗುಂಪಿನ ಮುಂದಿನವರೇ ಮೊದಲು ನಡೆಯತೊಡಗಿದರೆ ಹಿಂದಿನವರಿಗೆ ಸಂಕೋಚ ಉಳಿಯುವುದಿಲ್ಲ. ಮುಂದಾಳುಗಳು ಇದನ್ನು ತಿಳಿದೇ ಮಾಡಬೇಕು.

ಹಂತ 7: ನೆತ್ತಿ ದಾಟುವುದು ಮತ್ತು ಮತ್ತೆ ಕೂಡುವುದು

ಗುಂಪಿನ ಓಟ ಹಾಳಾಗುವುದು ಹೆಚ್ಚಾಗಿ ನೆತ್ತಿಯಲ್ಲಿ. ಎರಡು ಬೇರೆ ಬೇರೆ ತಪ್ಪುಗಳು ಇಲ್ಲಿ ನಡೆಯುತ್ತವೆ.

ಮೊದಲನೆಯದು ಏರಿನ ತುದಿ ಕಂಡೊಡನೆ ಕೊನೆಯ ಐವತ್ತು ಮೀಟರನ್ನು ರಭಸದಿಂದ ಓಡಿ, ಮೇಲೆ ಮುಟ್ಟಿ, ಮೊಣಕಾಲು ಹಿಡಿದು ನಿಂತುಬಿಡುವುದು. ಹೀಗೆ ಮಾಡಿದವರ ಉಸಿರು ಸ್ಥಿಮಿತಕ್ಕೆ ಬರುವಷ್ಟರಲ್ಲಿ, ಅದೇ ಶ್ರಮದಲ್ಲಿ ಬಂದು ನಿಲ್ಲದೆ ಮುಂದುವರಿದವರು ಅವರಿಗಿಂತ ಮುಂದೆ ಹೋಗಿರುತ್ತಾರೆ. ತುದಿ ಕಂಡಾಗ ಶ್ರಮವನ್ನು ಕಿಂಚಿತ್ತು ತಗ್ಗಿಸಿ, ನೆತ್ತಿಯನ್ನು ದಾಟಿ, ನೂರು ಮೀಟರಿನಷ್ಟು ಕಿರುಹೆಜ್ಜೆಯಲ್ಲಿ ಸಾಗಿದರೆ ಉಸಿರು ಓಡುತ್ತಲೇ ಇಳಿಯುತ್ತದೆ.

ಎರಡನೆಯದು ಗುಂಪಿನ ತಪ್ಪು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಓಟದಲ್ಲಿ ಅತ್ಯಂತ ಅನ್ಯಾಯದ್ದು. ವೇಗದವರು ನೆತ್ತಿ ತಲುಪಿ, ನೀರು ಕುಡಿದು, ಲೇಸು ಸರಿಮಾಡಿಕೊಂಡು, ನಾಲ್ಕು ಮಾತಾಡಿ ಮೂರು ನಿಮಿಷ ಸುಧಾರಿಸಿಕೊಂಡಿರುತ್ತಾರೆ. ಅಷ್ಟರಲ್ಲಿ ಕೊನೆಯವರು ಮುಖ ಕೆಂಪಾಗಿ, ಬಾಟಲಿಯ ಮುಚ್ಚಳಕ್ಕೆ ಕೈ ಹಾಕುತ್ತ ಬರುತ್ತಾರೆ. "ಬಂದ್ರಾ? ಎಲ್ಲರೂ ಬಂದ ಹಾಗಾಯ್ತು, ಹೊರಡೋಣ" ಎಂದು ಗುಂಪು ಎದ್ದುಬಿಡುತ್ತದೆ. ಮುಚ್ಚಳ ತೆಗೆಯದ ಬಾಟಲಿ ಹಾಗೆಯೇ ಪಟ್ಟಿಗೆ ಮರಳುತ್ತದೆ. ಹೆಚ್ಚು ವಿಶ್ರಾಂತಿ ಬೇಕಿದ್ದವರಿಗೆ ಒಂದು ನಿಮಿಷವೂ ಸಿಗದೆ, ಬೇಡದಿದ್ದವರಿಗೆ ಮೂರು ನಿಮಿಷ ಸಿಕ್ಕಿದ್ದು ಹೀಗೆ. ನಾಲ್ಕು ಏರುಗಳಲ್ಲಿ ಇದೇ ನಡೆದರೆ ಆ ಓಟಗಾರರು ಊಟ ನೀರಿಲ್ಲದೆ, ನಿಲ್ಲದೆ ಓಡಿದಂತಾಗುತ್ತದೆ, ಮತ್ತು ಮುಂದಿನ ವಾರ ಅವರು ಬರುವುದಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಕೊನೆಯವರು ಬಂದು ನಿಂತ ಕ್ಷಣದಿಂದ ಎರಡು ನಿಮಿಷ ಎಣಿಸಿ ಹೊರಡುವುದು ಒಂದು. ಹೊರಡುವ ಮಾತನ್ನು ಕೊನೆಯವರೇ ಹೇಳಬೇಕು ಎಂಬ ನಿಯಮವಿದ್ದರೆ ಮತ್ತೂ ಒಳ್ಳೆಯದು. ವೇಗದವರು ನೆತ್ತಿಯಲ್ಲಿ ನಿಲ್ಲದೆ ತಿರುಗಿ ಕೆಳಗಿಳಿದು, ಕೊನೆಯವರನ್ನು ಕೂಡಿಕೊಂಡು ಅವರೊಡನೆ ಮತ್ತೆ ಹತ್ತುವುದು ಇನ್ನೊಂದು. ಎರಡನೆಯದನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ವೇಗದವರಿಗೆ ಹೆಚ್ಚುವರಿ ಏರು ಸಿಗುತ್ತದೆ, ಯಾರ ಮೈಯೂ ತಣ್ಣಗಾಗುವುದಿಲ್ಲ, ಹಿಂದಿನವರಿಗೆ ಜೊತೆ ಸಿಗುತ್ತದೆ. ವಾಹನ ಸಂಚಾರ ಹೆಚ್ಚಿರುವ ರಸ್ತೆಯಲ್ಲಿ ಮಾತ್ರ ಇದು ಬೇಡ. ಹೊರಡುವ ಮುನ್ನ ಪ್ರತಿಸಲವೂ ತಲೆ ಎಣಿಸುವುದನ್ನು ಬಿಡಬಾರದು.

ಹಂತ 8: ಇಳಿಜಾರನ್ನು ಓಡುವ ಕ್ರಮ

ಇಳಿಜಾರಿನಲ್ಲಿ ಉಸಿರು ಹಗುರ, ಹೊರೆಯೆಲ್ಲ ತೊಡೆಗೆ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಯ ಭಾರವನ್ನು ತಡೆಹಿಡಿಯಬೇಕಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಪೆಟ್ಟು ಬೀಳುವುದು ಈ ಬಗೆಯ ಕೆಲಸದಲ್ಲಿ. ಅದರ ನೋವು ಆಗಲೇ ಕಾಣದೆ, ಒಂದರಿಂದ ಮೂರು ದಿನಗಳ ನಡುವೆ ಉಲ್ಬಣಿಸುತ್ತದೆ. ಓಡುವಾಗ ಏನೂ ಅನ್ನಿಸದ ಕಾರಣ ಓಟಗಾರರು ಏರಿನಲ್ಲಿ ಕಳೆದುಕೊಂಡ ಸಮಯವನ್ನು ಇಲ್ಲಿ ಮರಳಿ ಪಡೆಯಲು ಹಾರುತ್ತ ಇಳಿಯುತ್ತಾರೆ, ಹದಿನೆಂಟನೆಯ ಕಿಲೋಮೀಟರಿನಲ್ಲಿ ತೊಡೆ ನಡುಗತೊಡಗಿದಾಗ ಅದಕ್ಕೆ ಕಾರಣ ಏರು ಎಂದುಕೊಳ್ಳುತ್ತಾರೆ.

ಹಿಂದಕ್ಕೆ ವಾಲಿ, ಕಾಲನ್ನು ಮುಂದೆ ಚಾಚಿ, ಹಿಮ್ಮಡಿ ಊರಿ ತಡೆಯುತ್ತ ಇಳಿಯುವುದು ಅತಿ ಸಾಮಾನ್ಯವಾದ ತಪ್ಪು. ಇದು ಪ್ರತಿ ಹೆಜ್ಜೆಯಲ್ಲೂ ಬ್ರೇಕ್ ಹಾಕಿದಂತೆ, ಮತ್ತು ಆ ಆಘಾತ ನೇರವಾಗಿ ಮೊಣಕಾಲಿಗೆ ಹೋಗುತ್ತದೆ. ಬದಲಿಗೆ ಹೆಜ್ಜೆಯನ್ನು ಕಿರಿದಾಗಿಸಿ ಲಯವನ್ನು ಚುರುಕುಗೊಳಿಸಿ. ನಿಮ್ಮ ಸಹಜ ಲಯಕ್ಕಿಂತ ಹೆಜ್ಜೆಗಳ ಸಂಖ್ಯೆ ಶೇ. 5ರಿಂದ 10ರಷ್ಟು ಹೆಚ್ಚಿದರೂ ಮೊಣಕಾಲಿನ ಮೇಲಿನ ಹೊರೆ ಗಮನಾರ್ಹವಾಗಿ ತಗ್ಗುತ್ತದೆ. ಪಾದ ಮೈಯ ಕೆಳಗೇ ಬೀಳಲಿ, ಮೊಣಕಾಲು ಸದಾ ತುಸು ಮಡಿಚಿರಲಿ, ಕೈಗಳು ಪಕ್ಕಕ್ಕೆ ಸ್ವಲ್ಪ ಅಗಲವಾಗಿ ಸಮತೋಲ ಕಾಯಲಿ. ಸರಿಯಾಗಿ ಓಡುತ್ತಿದ್ದೀರೋ ಇಲ್ಲವೋ ಎಂದು ತಿಳಿಯಲು ಹೆಜ್ಜೆಯ ಸದ್ದಿಗೆ ಕಿವಿಗೊಡಿ: ಧಡ್ ಧಡ್ ಎಂದು ನೆಲ ಬಡಿಯುತ್ತಿದ್ದರೆ ಹೆಜ್ಜೆ ಉದ್ದವಾಗಿದೆ.

ಇಳಿಯುವಾಗ ಗುಂಪಿನ ನಡುವೆ ಮೂರು ನಾಲ್ಕು ಮೀಟರಿನ ಅಂತರ ಬಿಡಿ. ಮುಂದಿನವರು ಎಡವಿದರೆ ಹಿಂದಿನವರಿಗೆ ನಿಲ್ಲಲು ಜಾಗವಿರಬೇಕು. ಗುಂಡಿ, ಸಡಿಲ ಜಲ್ಲಿ, ಎದುರು ವಾಹನ ಕಂಡವರು ಗಟ್ಟಿಯಾಗಿ ಕೂಗಿ ಹೇಳಬೇಕು, ಹಿಂದಿನವರು ಅದನ್ನು ಅವರ ಹಿಂದಿನವರಿಗೆ ದಾಟಿಸಬೇಕು.

ಹಂತ 9: ಕೊನೆಯ ಮೂರನೆಯ ಭಾಗ

ಮೇಲಿನ ಹಂತಗಳನ್ನು ಪಾಲಿಸಿದವರಿಗೆ ಈ ಭಾಗ ಕಷ್ಟವೆನಿಸಿದರೂ ಕೈಮೀರುವುದಿಲ್ಲ. ದಣಿವಿನಿಂದ ಭುಜ ಮೇಲೇರುವುದು, ಮುಷ್ಟಿ ಬಿಗಿಯುವುದು, ಪಾದ ಎಳೆಯುವುದು ಸಾಮಾನ್ಯ. ಪಕ್ಕದವರು ಗಮನಿಸಿ ಹೇಳಿದರೆ ತಿದ್ದಿಕೊಳ್ಳುವುದು ಸುಲಭ. ಬಿಸಿಲೇರಿದಂತೆ ಅದೇ ವೇಗಕ್ಕೆ ಹೃದಯ ಬಡಿತ ಹೆಚ್ಚುತ್ತ ಹೋಗುವುದೂ ಸಹಜವೇ. ಆಗ ವೇಗವನ್ನು ತಗ್ಗಿಸಿ; ಬಡಿತ ಮೊದಲಿನ ಅಂಕಿಗೇ ಇಳಿಯಬೇಕೆಂದು ಹಟ ಹಿಡಿಯಬೇಡಿ. ಮುಗಿಯುವ ಹೊತ್ತಿಗೆ ಗುಂಪಿನಲ್ಲಿ ಪೈಪೋಟಿ ಹುಟ್ಟದಂತೆ ಮುಂದಾಳುಗಳು ನೋಡಿಕೊಳ್ಳಲಿ. ಇದು ತರಬೇತಿಯ ಓಟ, ಮುಂದಿನ ವಾರದ ಅಭ್ಯಾಸಕ್ಕೆ ಕಾಲು ಉಳಿದಿರಬೇಕು.

ನಿಲ್ಲಿಸಲೇಬೇಕಾದ ಸೂಚನೆಗಳು

ಎದೆಯಲ್ಲಿ ಬಿಗಿತ ಅಥವಾ ನೋವು, ದವಡೆ ಇಲ್ಲವೆ ತೋಳಿಗೆ ಹರಡುವ ನೋವು, ಕಣ್ಣು ಕತ್ತಲೆ ಬರುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಓಟ ಅಲ್ಲಿಗೆ ಮುಗಿಯಿತು. ಸುಧಾರಿಸಿದ ಮೇಲೆ ನಿಧಾನವಾಗಿ ಓಡೋಣವೆಂಬ ಯೋಚನೆ ಬೇಡ, ತಕ್ಷಣ ವೈದ್ಯಕೀಯ ನೆರವು ಕರೆಸಿ.

ಓಡುತ್ತಿರುವವರು ಗೊಂದಲದ ಉತ್ತರ ಕೊಡುತ್ತಿದ್ದರೆ, ತೂರಾಡುತ್ತಿದ್ದರೆ, ಸಿಡುಕಿನಿಂದ ವರ್ತಿಸುತ್ತಿದ್ದರೆ ಅದನ್ನು ಶಾಖಾಘಾತವೆಂದೇ ಭಾವಿಸಿ. ಮೈ ಬೆವರುತ್ತಿದೆ ಎಂಬ ಕಾರಣಕ್ಕೆ ಅದಲ್ಲ ಎಂದುಕೊಳ್ಳಬಾರದು. ಓಟಗಾರರ ಶಾಖಾಘಾತದಲ್ಲಿ ಬೆವರು ಇರುತ್ತದೆ. ನೆರಳಿಗೆ ಒಯ್ದು, ಮೇಲುಡುಪು ತೆಗೆದು, ಇರುವಷ್ಟು ತಣ್ಣೀರನ್ನು ಮೈಮೇಲೆ ಸುರಿಯುತ್ತ ಗಾಳಿ ಹಾಕಿ; ತಣ್ಣೀರಿನ ತೊಟ್ಟಿ ಸಿಗುವಂತಿದ್ದರೆ ಅದರಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಪರಿಣಾಮಕಾರಿ. ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬೇಡಿ. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯುವುದು, ಜೊತೆಗೆ ಓಟದುದ್ದಕ್ಕೂ ವಿಪರೀತ ನೀರು ಕುಡಿದಿರುವುದು ಸೋಡಿಯಂ ಕುಸಿತದ ಲಕ್ಷಣ. ಅಂಥವರಿಗೆ ಇನ್ನಷ್ಟು ನೀರು ಕುಡಿಸಿದರೆ ಸ್ಥಿತಿ ಬಿಗಡಾಯಿಸುತ್ತದೆ.

ಕಾಲಿನ ನೋವುಗಳಲ್ಲಿ ಎರಡೂ ತೊಡೆಗೆ ಸಮನಾಗಿ ಹರಡಿದ ಭಾರವನ್ನು ಸಹಿಸಬಹುದು. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಮೂಳೆಯ ಒಂದು ಬಿಂದುವಿನಲ್ಲಿ, ಓಡಿದಷ್ಟೂ ಹೆಚ್ಚುವ ನೋವು ಮೂಳೆಯ ಸೂಕ್ಷ್ಮ ಬಿರುಕಿನ ಸೂಚನೆಯಾಗಿರಬಹುದು. ಮೊಣಕಾಲಿನ ಹೊರಬದಿಯಲ್ಲಿ ಇಳಿಜಾರಿನಲ್ಲಷ್ಟೇ ಚುಚ್ಚುವ ನೋವು ಬಂದರೆ ಉಳಿದ ಇಳಿಜಾರುಗಳನ್ನು ನಡೆಯಿರಿ. ನೋವಿನಿಂದ ನಡಿಗೆಯ ರೀತಿಯೇ ಬದಲಾಗಿ ಕುಂಟುವಂತಾದರೆ ಮುಂದೆ ಓಡಬಾರದು.

ಹಂತ 10: ಓಟ ಮುಗಿದ ಮೇಲೆ

ಮುಗಿಸಿದೊಡನೆ ಕೂರದೆ ಐದರಿಂದ ಹತ್ತು ನಿಮಿಷ ನಡೆಯಿರಿ. ಥಟ್ಟನೆ ನಿಂತರೆ ಕಾಲುಗಳಲ್ಲಿ ರಕ್ತ ನಿಂತು ತಲೆ ಸುತ್ತುವುದುಂಟು. ಮೊದಲ ಒಂದು ಗಂಟೆಯೊಳಗೆ ಪಿಷ್ಟದ ಜೊತೆ 20ರಿಂದ 30 ಗ್ರಾಂ ಪ್ರೋಟೀನ್ ಇರುವ ಆಹಾರ ತೆಗೆದುಕೊಳ್ಳಿ. ಓಟದ ಮೊದಲು ಮತ್ತು ನಂತರ ತೂಕ ನೋಡುವ ಅಭ್ಯಾಸವಿದ್ದರೆ ಬೆವರಿನ ಲೆಕ್ಕ ಸುಲಭ: ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ನೀರನ್ನು ಲವಣಯುಕ್ತ ಆಹಾರದೊಡನೆ ನಿಧಾನವಾಗಿ ಕುಡಿಯಿರಿ. ತೂಕ ಏರಿದ್ದರೆ ಮುಂದಿನ ಓಟದಲ್ಲಿ ಕಡಿಮೆ ಕುಡಿಯಬೇಕು.

ಸ್ವೀಪರ್ ಬಂದು, ತಲೆ ಎಣಿಕೆ ಸರಿಹೊಂದುವವರೆಗೆ ಯಾರೂ ಮನೆಗೆ ಹೊರಡಬಾರದು. ಆ ಹೊತ್ತಿನಲ್ಲೇ ಎಷ್ಟು ನೀರು ಖರ್ಚಾಯಿತು, ಎಷ್ಟು ಸಲ ತಿಂದಿರಿ, ಯಾವ ಏರಿನಲ್ಲಿ ಮಾತು ನಿಂತಿತು ಎಂಬುದನ್ನು ಬರೆದಿಟ್ಟುಕೊಂಡರೆ ಮುಂದಿನ ಬಾರಿಯ ಅಂದಾಜು ನಿಮ್ಮ ಸ್ವಂತದ್ದಾಗುತ್ತದೆ.

ಮುಂದಿನ ಎರಡು ದಿನ ನಡಿಗೆ, ಈಜು ಅಥವಾ ಹಗುರ ಸೈಕಲ್ ಸವಾರಿ ಸಾಕು. ಮೆಟ್ಟಿಲನ್ನು ಕಂಬಿ ಹಿಡಿಯದೆ, ಪಕ್ಕಕ್ಕೆ ತಿರುಗದೆ ಇಳಿಯಲು ಆಗುವವರೆಗೂ ವೇಗದ ಅಭ್ಯಾಸಕ್ಕೆ ಮರಳಬೇಡಿ. ಒಮ್ಮೆ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಮುಂದಿನ ಹಲವು ವಾರಗಳವರೆಗೆ ಅಂಥದೇ ಹೊರೆಯನ್ನು ಕಡಿಮೆ ನೋವಿನಿಂದ ತಾಳಿಕೊಳ್ಳುತ್ತದೆ. ಹಾಗಾಗಿ ಮುಂದಿನ ಬೆಟ್ಟದ ಓಟವನ್ನು ಎರಡರಿಂದ ಮೂರು ವಾರಗಳೊಳಗೆ ಇಟ್ಟುಕೊಳ್ಳಿ, ಅದೇ ಹಾದಿಯನ್ನೇ ಆರಿಸಿ, ಮತ್ತು ಆ ಸಲ ಹಾದಿಯನ್ನು ಬದಲಿಸದೆ ಏರಿನಲ್ಲಿ ಉಸಿರು ಹೇಗಿತ್ತು ಎಂಬುದನ್ನು ಮಾತ್ರ ಹೋಲಿಸಿ ನೋಡಿ.